ಪಪುವಾ ನ್ಯೂಗಿನಿಯಲ್ಲಿ ಪಕ್ಷಿವೀಕ್ಷಣೆ

ಪಪುವಾ ನ್ಯೂಗಿನಿಯಲ್ಲಿ ಪಕ್ಷಿವೀಕ್ಷಣೆ ಎಂಬುದು ನೈಋತ್ಯ ಪೆಸಿಫಿಕ್ ಸಾಗರದಲ್ಲಿರುವ ಪಪುವಾ ನ್ಯೂಗಿನಿ ದೇಶದ ತಗ್ಗುನೆಲದ ಮಳೆಕಾಡುಗಳಲ್ಲಿಯೂ ಒಳನಾಡಿನ ಪರ್ವತ ಪ್ರದೇಶಗಳಲ್ಲಿಯೂ ನಡೆಯುವ ಪಕ್ಷಿ ಅಧ್ಯಯನ ಮತ್ತು ಪ್ರವಾಸವನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಬರ್ಡ್ ಆಫ್ ಪ್ಯಾರಡೈಸ್ ಎಂದು ಕರೆಯಲಾಗುವ ಸ್ವರ್ಗದ ಪಕ್ಷಿಗಳು ಈ ಪ್ರವಾಸದ ಮುಖ್ಯ ಆಕರ್ಷಣೆ. ಇವುಗಳಲ್ಲಿ 40ಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ನ್ಯೂಗಿನಿ ದ್ವೀಪ ಮತ್ತು ಅದರ ಸುತ್ತಲಿನ ಕಿರುದ್ವೀಪಗಳಲ್ಲಿ ಮಾತ್ರ ವಾಸಿಸುತ್ತವೆ. ಕೆಲವು ಪ್ರಭೇದಗಳು ಪೂರ್ವ ಆಸ್ಟ್ರೇಲಿಯಾದಲ್ಲಿಯೂ ಇಂಡೋನೇಷ್ಯಾದ ಮೊಲುಕ್ಕಾಸ್ ದ್ವೀಪಗಳಲ್ಲಿಯೂ ಇವೆ.

ಈ ದೇಶದ ಪಕ್ಷಿವೀಕ್ಷಣೆಯಲ್ಲಿ ಎರಡು ವಿಶೇಷಗಳಿವೆ. ಮೊದಲನೆಯದು, ಎತ್ತರ ಬದಲಾದಂತೆ ಪಕ್ಷಿಗಳೂ ಬದಲಾಗುವುದರಿಂದ ಪ್ರವಾಸಿಯು ನದೀಬಯಲಿನಿಂದ ಮೋಡ ಕವಿದ ಪರ್ವತದವರೆಗೆ ಏರಲೇಬೇಕಾಗುತ್ತದೆ. ಎರಡನೆಯದು, ಇಲ್ಲಿನ ಕಾಡುಗಳಲ್ಲಿ ಹೆಚ್ಚಿನವು ಸರ್ಕಾರದ ಸ್ವತ್ತಲ್ಲ. ದೇಶದ ಭೂಮಿಯ ಸುಮಾರು 97 ಪ್ರತಿಶತ ಭಾಗವು ಕುಲಗಳ ಸಾಂಪ್ರದಾಯಿಕ ಒಡೆತನದಲ್ಲಿದೆ. ಹೀಗಾಗಿ ಹಕ್ಕಿಯೊಂದು ಕುಣಿಯುವ ಮರಕ್ಕೂ ಒಡೆಯರಿರುತ್ತಾರೆ. ಆ ಮರ ಉಳಿಯಬೇಕೇ ಉರುಳಬೇಕೇ ಎಂಬುದು ಬಹುಮಟ್ಟಿಗೆ ಅವರ ನಿರ್ಧಾರವನ್ನೇ ಅವಲಂಬಿಸಿದೆ.

ಭೌಗೋಳಿಕ ಹಿನ್ನೆಲೆ

ಗ್ರೀನ್‌ಲ್ಯಾಂಡಿನ ನಂತರ ಜಗತ್ತಿನ ಅತಿ ದೊಡ್ಡ ದ್ವೀಪ ನ್ಯೂಗಿನಿ. ಇದರ ಪಶ್ಚಿಮಾರ್ಧವು ಇಂಡೋನೇಷ್ಯಾಕ್ಕೆ ಸೇರಿದ್ದು, ಪೂರ್ವಾರ್ಧವು 1975ರ ಸೆಪ್ಟೆಂಬರ್ 16ರಂದು ಸ್ವತಂತ್ರವಾದ ಪಪುವಾ ನ್ಯೂಗಿನಿಯ ಮುಖ್ಯಭೂಮಿಯಾಗಿದೆ. ದ್ವೀಪದ ನಡುವೆ ಪೂರ್ವಪಶ್ಚಿಮವಾಗಿ ಪರ್ವತಶ್ರೇಣಿಗಳು ಹಾಯ್ದುಹೋಗಿವೆ. ಪಪುವಾ ನ್ಯೂಗಿನಿಯ ಅತ್ಯುನ್ನತ ಶಿಖರವಾದ ಮೌಂಟ್ ವಿಲ್ಹೆಲ್ಮ್ 4,509 ಮೀಟರ್ ಎತ್ತರವಿದೆ. ಶ್ರೇಣಿಯ ಎರಡೂ ಬದಿಗಳಲ್ಲಿ ಸಮುದ್ರಮಟ್ಟದವರೆಗೆ ಮಳೆಕಾಡು, ಜೌಗುಕಾಡು ಮತ್ತು ದೊಡ್ಡ ನದಿಗಳ ಬಯಲುಗಳು ಹರಡಿಕೊಂಡಿವೆ.

ನ್ಯೂಗಿನಿಯ ಪ್ರಾಣಿಸಂಪತ್ತು ಏಷ್ಯಾದ ಕಾಡುಗಳದ್ದಕ್ಕಿಂತ ಭಿನ್ನವಾದುದು. ಇಲ್ಲಿ ಮೂಲತಃ ಕೋತಿ, ಅಳಿಲು ಮತ್ತು ಬೆಕ್ಕಿನ ಜಾತಿಯ ಬೇಟೆಪ್ರಾಣಿಗಳಿಲ್ಲ. ಕಾಡಿನ ಹಣ್ಣುಗಳ ದೊಡ್ಡ ಪಾಲು ಹಕ್ಕಿಗಳಿಗೆ ದಕ್ಕುತ್ತದೆ. ಹಣ್ಣು ಹೇರಳವಾಗಿರುವುದರಿಂದ ಹೆಣ್ಣು ಹಕ್ಕಿಯೊಂದೇ ಮರಿಗಳನ್ನು ಸಾಕಬಲ್ಲದು. ಗಂಡು ತನ್ನ ಕಾಲವನ್ನೆಲ್ಲ ಪ್ರದರ್ಶನಕ್ಕೆ ಮೀಸಲಿಡಬಲ್ಲದು. ಹೆಣ್ಣು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚು ಆಕರ್ಷಕವಾದ ಗಂಡನ್ನೇ ಆಯ್ದುಕೊಂಡುದರಿಂದ ಸ್ವರ್ಗದ ಪಕ್ಷಿಗಳ ವಿಚಿತ್ರ ಗರಿಗಳೂ ನರ್ತನಗಳೂ ರೂಪುಗೊಂಡವೆಂದು ಜೀವವಿಜ್ಞಾನಿಗಳು ವಿವರಿಸುತ್ತಾರೆ. ಮೈಬಣ್ಣ ಎಷ್ಟೇ ವೈಭವದ್ದಾಗಿದ್ದರೂ ವಂಶಾವಳಿಯಲ್ಲಿ ಇವು ಕಾಗೆಗಳಿಗೆ ಹತ್ತಿರದ ಹಕ್ಕಿಗಳು. ಕರ್ನಾಟಕದ ಕಾಡುಗಳಲ್ಲಿ ಕಾಣುವ, ಉದ್ದ ಬಾಲದ ರಾಜಹಕ್ಕಿಯ ಇಂಗ್ಲಿಷ್ ಹೆಸರಿನಲ್ಲಿಯೂ ಪ್ಯಾರಡೈಸ್ ಎಂಬ ಪದವಿದೆಯಾದರೂ ಅದು ನೊಣಹಿಡುಕಗಳ ಬೇರೊಂದು ಕುಟುಂಬಕ್ಕೆ ಸೇರಿದೆ.

ಎತ್ತರದ ವಲಯಗಳು

ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣಾಂಶವು ಸುಮಾರು 6 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಅದರೊಂದಿಗೆ ಮರಗಳೂ ಹಣ್ಣುಗಳೂ ಕೀಟಗಳೂ ಬದಲಾಗುತ್ತವೆ. ನ್ಯೂಗಿನಿಯ ಹಲವು ಪಕ್ಷಿಗಳು ಬೆಟ್ಟದ ಒಂದು ನಿರ್ದಿಷ್ಟ ಎತ್ತರದ ಪಟ್ಟಿಗೆ ಅಂಟಿಕೊಂಡಿರುತ್ತವೆ; ಆ ಪಟ್ಟಿ ಮುಗಿದ ಕಡೆ ಅದೇ ಕುಲದ ಇನ್ನೊಂದು ಪ್ರಭೇದ ಆರಂಭವಾಗುತ್ತದೆ. ಉದಾಹರಣೆಗೆ, ಕಪ್ಪು ಸಿಕಲ್‌ಬಿಲ್ ಪರ್ವತದ ಮಧ್ಯಭಾಗದಲ್ಲಿಯೂ ಕಂದು ಸಿಕಲ್‌ಬಿಲ್ ಅದಕ್ಕಿಂತ ಮೇಲಿನ ಕಾಡಿನಲ್ಲಿಯೂ ಇರುತ್ತವೆ. ಅಸ್ಟ್ರಾಪಿಯಾ ಕುಲದಲ್ಲಿ ಸ್ಟೆಫನಿ ಅಸ್ಟ್ರಾಪಿಯಾ ಕೆಳಗೆ, ರಿಬ್ಬನ್ ಬಾಲದ ಅಸ್ಟ್ರಾಪಿಯಾ ಮೇಲೆ ವಾಸಿಸುತ್ತವೆ; ಇವೆರಡರ ವಾಸಸ್ಥಾನಗಳು ಸಂಧಿಸುವ ಕಡೆ ಮಿಶ್ರತಳಿಯ ಹಕ್ಕಿಗಳೂ ಕಾಣಸಿಗುತ್ತವೆ.

ಒಂದೇ ಊರಿನಲ್ಲಿ ನೆಲೆನಿಂತು ನೋಡುವವರಿಗೆ ಈ ವೈವಿಧ್ಯದ ಒಂದು ಪಾಲು ಮಾತ್ರ ದೊರೆಯುತ್ತದೆ. ಆದಕಾರಣ ಪ್ರವಾಸಗಳನ್ನು ಸಾಮಾನ್ಯವಾಗಿ ತಗ್ಗುನೆಲ, ಬೆಟ್ಟದ ಬುಡ, ಮಧ್ಯ ಪರ್ವತ ಮತ್ತು ಮೇಲ್ಪರ್ವತಗಳಲ್ಲಿ ಕೆಲವು ದಿನಗಳು ಕಳೆಯುವಂತೆ ಯೋಜಿಸಲಾಗುತ್ತದೆ.

ಇತಿಹಾಸ

ಸ್ವರ್ಗದ ಪಕ್ಷಿಗಳ ಚರ್ಮಗಳು ಏಷ್ಯಾದ ವ್ಯಾಪಾರದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದ್ದವು. ಮೆಗಲನ್‌ನ ಜಲಯಾತ್ರೆಯಲ್ಲಿ ಬದುಕುಳಿದವರು 1522ರಲ್ಲಿ ಸ್ಪೇನಿಗೆ ಮರಳಿದಾಗ, ಮೊಲುಕ್ಕಾಸ್‌ನ ಬಚಾನ್ ದ್ವೀಪದ ಅರಸ ಕೊಟ್ಟಿದ್ದ ಕೆಲವು ಚರ್ಮಗಳನ್ನು ತಮ್ಮೊಂದಿಗೆ ತಂದರು. ಮಾರಾಟಕ್ಕೆ ಸಿದ್ಧಪಡಿಸುವಾಗ ಕಾಲುಗಳನ್ನು ಕತ್ತರಿಸಿ ತೆಗೆಯುತ್ತಿದ್ದುದರಿಂದ, ಈ ಹಕ್ಕಿಗಳಿಗೆ ಕಾಲೇ ಇಲ್ಲ, ಇವು ನೆಲಕ್ಕಿಳಿಯದೆ ಆಕಾಶದಲ್ಲೇ ಜೀವಿಸುತ್ತವೆ ಎಂಬ ಕತೆ ಯೂರೋಪಿನಲ್ಲಿ ಹಬ್ಬಿತು. ಲಿನೇಯಸ್ 1758ರಲ್ಲಿ ದೊಡ್ಡ ಸ್ವರ್ಗದ ಪಕ್ಷಿಗೆ ಪ್ಯಾರಡೈಸಿಯಾ ಅಪೋಡಾ ಎಂಬ ವೈಜ್ಞಾನಿಕ ಹೆಸರನ್ನು ಕೊಟ್ಟನು. ಅಪೋಡಾ ಎಂದರೆ ಕಾಲಿಲ್ಲದ್ದು ಎಂದರ್ಥ. ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ಆಲ್ಫ್ರೆಡ್ ರಸೆಲ್ ವಾಲೇಸ್ 1857ರಲ್ಲಿ ಇಂದಿನ ಇಂಡೋನೇಷ್ಯಾಕ್ಕೆ ಸೇರಿದ ಅರು ದ್ವೀಪಗಳಲ್ಲಿ ಸ್ವರ್ಗದ ಪಕ್ಷಿಗಳನ್ನು ಅವುಗಳ ನೆಲೆಯಲ್ಲಿಯೇ ಕಂಡು, 1869ರಲ್ಲಿ ಪ್ರಕಟವಾದ ದಿ ಮಲಯ್ ಆರ್ಚಿಪೆಲಗೋ ಗ್ರಂಥದಲ್ಲಿ ವಿವರಿಸಿದನು. ಇಟಲಿಯ ಅನ್ವೇಷಕ ಲೂಯಿಜಿ ದಾಲ್ಬೆರ್ತಿಸ್ 1876ರಲ್ಲಿ ಉಗಿದೋಣಿಯಲ್ಲಿ ಫ್ಲೈ ನದಿಯನ್ನು ಮೇಲ್ಮುಖವಾಗಿ ಬಹುದೂರ ಕ್ರಮಿಸಿ ಪಕ್ಷಿಗಳನ್ನು ಸಂಗ್ರಹಿಸಿದನು. ಇದೇ ಶತಮಾನದ ಉತ್ತರಾರ್ಧದಲ್ಲಿ ಯೂರೋಪ್ ಮತ್ತು ಅಮೆರಿಕದ ಸ್ತ್ರೀಯರ ಟೋಪಿಗಳ ಅಲಂಕಾರಕ್ಕಾಗಿ ಗರಿಗಳ ವ್ಯಾಪಾರವು ಭಾರಿಯಾಗಿ ಬೆಳೆಯಿತು. ಇದನ್ನು ವಿರೋಧಿಸಿ 1889ರಲ್ಲಿ ಇಂಗ್ಲೆಂಡಿನಲ್ಲಿ ಮಹಿಳೆಯರು ಸ್ಥಾಪಿಸಿದ ಪಕ್ಷಿಸಂರಕ್ಷಣಾ ಸಂಘವು ಮುಂದೆ ರಾಯಲ್ ಸೊಸೈಟಿ ಫಾರ್ ದಿ ಪ್ರೊಟೆಕ್ಷನ್ ಆಫ್ ಬರ್ಡ್ಸ್ ಎಂದು ಹೆಸರಾಯಿತು. ಬ್ರಿಟನ್ 1921ರಲ್ಲಿ ಗರಿಗಳ ಆಮದನ್ನು ನಿರ್ಬಂಧಿಸುವ ಕಾಯಿದೆಯನ್ನು ಜಾರಿಗೊಳಿಸಿತು.

ಇಪ್ಪತ್ತನೆಯ ಶತಮಾನದಲ್ಲಿ ಅರ್ನ್ಸ್ಟ್ ಮಾಯರ್ 1928ರಿಂದ, ಜೇರೆಡ್ ಡೈಮಂಡ್ 1964ರಿಂದ ಈ ದ್ವೀಪದಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಬ್ರೂಸ್ ಬೀಲರ್, ತೇನ್ ಪ್ರ್ಯಾಟ್ ಮತ್ತು ಡೇಲ್ ಜಿಮ್ಮರ್‌ಮನ್ ರಚಿಸಿದ ನ್ಯೂಗಿನಿಯ ಪಕ್ಷಿಗಳ ಕೈಪಿಡಿಯು 1986ರಲ್ಲಿ ಪ್ರಕಟವಾದ ಬಳಿಕ ಹವ್ಯಾಸಿಗಳಿಗೂ ಇಲ್ಲಿನ ಹಕ್ಕಿಗಳನ್ನು ಗುರುತಿಸುವುದು ಸುಲಭವಾಯಿತು.

ಪ್ರವಾಸದ ಸಾಮಾನ್ಯ ಮಾರ್ಗ

ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಪರ್ವತ ಪ್ರಾಂತಗಳಿಗೆ ರಸ್ತೆ ಸಂಪರ್ಕವಿಲ್ಲ. ಆದ್ದರಿಂದ ಒಂದು ನೆಲೆಯಿಂದ ಇನ್ನೊಂದಕ್ಕೆ ಹೆಚ್ಚಾಗಿ ಸಣ್ಣ ವಿಮಾನಗಳಲ್ಲಿ ಹೋಗಬೇಕಾಗುತ್ತದೆ. ಬಹುತೇಕ ಪ್ರವಾಸಗಳಲ್ಲಿ ಸೇರಿರುವ ನೆಲೆಗಳನ್ನು ಮುಂದೆ ವಿವರಿಸಲಾಗಿದೆ.

ವರಿರಾಟ: ರಾಜಧಾನಿಗೆ ಸಮೀಪದ ಸೊಗೇರಿ ಪ್ರಸ್ಥಭೂಮಿಯಲ್ಲಿರುವ ಈ ರಾಷ್ಟ್ರೀಯ ಉದ್ಯಾನವು ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ರಗ್ಗಿಯಾನಾ ಸ್ವರ್ಗದ ಪಕ್ಷಿಯ ಗಂಡುಗಳು ಬೆಳಗಿನ ಹೊತ್ತು ನಿಶ್ಚಿತ ಮರಗಳಲ್ಲಿ ಗುಂಪಾಗಿ ಸೇರಿ, ಕೆಂಪು ಗರಿಗಳನ್ನು ಬೆನ್ನ ಮೇಲೆ ಚಾಮರದಂತೆ ಎತ್ತಿ ಕೂಗುತ್ತವೆ. ಇಂತಹ ಸಾಮೂಹಿಕ ಪ್ರದರ್ಶನದ ನೆಲೆಗೆ ಪಕ್ಷಿವಿಜ್ಞಾನದಲ್ಲಿ ಲೆಕ್ ಎನ್ನುತ್ತಾರೆ. ಈ ಪಕ್ಷಿಯ ಚಿತ್ರವು 1971ರಲ್ಲಿ ಸ್ವೀಕೃತವಾದ ದೇಶದ ಧ್ವಜದಲ್ಲಿದೆ. ವರಿರಾಟವು ವಿಷಕಾರಿ ಹಕ್ಕಿಯೊಂದರಿಂದಲೂ ಪ್ರಸಿದ್ಧವಾಗಿದೆ. ಇಲ್ಲಿ ಬಲೆಗೆ ಬಿದ್ದ ಪಿಟೊಹುಯಿ ಹಕ್ಕಿಗಳನ್ನು ಬಿಡಿಸುವಾಗ ಗೀರಿದ ಬೆರಳನ್ನು ಬಾಯಿಗಿಟ್ಟುಕೊಂಡ ಅಮೆರಿಕದ ಸಂಶೋಧಕ ಜಾಕ್ ಡಂಬೇಕರ್ ಅವರಿಗೆ ನಾಲಿಗೆ ಜೋಮುಹಿಡಿಯಿತು. ಈ ಹಕ್ಕಿಯ ಚರ್ಮ ಮತ್ತು ಗರಿಗಳಲ್ಲಿ ದಕ್ಷಿಣ ಅಮೆರಿಕದ ವಿಷಕಪ್ಪೆಗಳಲ್ಲಿರುವ ಬ್ಯಾಟ್ರಕೋಟಾಕ್ಸಿನ್ ವರ್ಗದ ವಿಷವಿದೆ ಎಂಬುದು 1992ರಲ್ಲಿ ಪ್ರಕಟವಾಯಿತು. ಹಕ್ಕಿಯು ತಿನ್ನುವ ಒಂದು ಬಗೆಯ ಚಿಕ್ಕ ಜೀರುಂಡೆಗಳಲ್ಲಿಯೂ ಈ ವಿಷವಿರುವುದು ಬಳಿಕ ಪತ್ತೆಯಾಯಿತು.

ಕಿಯುಂಗಾ ಮತ್ತು ಫ್ಲೈ ನದಿ: ರಾಜಧಾನಿಯಿಂದ ವಿಮಾನದಲ್ಲಿ ಪಶ್ಚಿಮಕ್ಕೆ ಸಾಗಿದರೆ ಪಶ್ಚಿಮ ಪ್ರಾಂತದ ಕಿಯುಂಗಾ ಪಟ್ಟಣ ಸಿಗುತ್ತದೆ. ಇದು ಫ್ಲೈ ನದಿಯ ದಡದಲ್ಲಿರುವ ಬಂದರು. ಫ್ಲೈ ಮತ್ತು ಅದರ ಉಪನದಿಗಳಾದ ಎಲೆವಾಲಾ, ಕೆಟು ನದಿಗಳಲ್ಲಿ ಮೋಟಾರು ದೋಣಿಯಲ್ಲಿ ಕುಳಿತು ದಡದ ಮರಗಳನ್ನು ನೋಡುವುದೇ ಇಲ್ಲಿನ ಮುಖ್ಯ ಕ್ರಮ. ಹನ್ನೆರಡು ತಂತಿಯ ಸ್ವರ್ಗದ ಪಕ್ಷಿಯ ಗಂಡು ಮುಂಜಾವದಲ್ಲಿ ಜೌಗುಕಾಡಿನ ಬೋಳು ಕಂಬದಂತಹ ಒಣಮರದ ತುದಿಯಲ್ಲಿ ಒಂಟಿಯಾಗಿ ಪ್ರದರ್ಶನ ನೀಡುತ್ತದೆ. ಸ್ವರ್ಗದ ಪಕ್ಷಿಗಳಲ್ಲಿ ಅತಿ ಚಿಕ್ಕದಾದ ರಾಜ ಸ್ವರ್ಗದ ಪಕ್ಷಿಯು ಬಳ್ಳಿಗಳ ಹೆಣಿಗೆಯೊಳಗೆ ಅಡಗಿ ಕೂಗುವುದರಿಂದ ಕೂಗು ಕೇಳಿದರೂ ಹಕ್ಕಿ ಕಾಣುವುದು ಕಷ್ಟ. ಕಿಯುಂಗಾದ ಸುತ್ತಲಿನ ಕಾಡಿನಲ್ಲಿ ದೊಡ್ಡ ಸ್ವರ್ಗದ ಪಕ್ಷಿಯೂ ರಗ್ಗಿಯಾನಾವೂ ಸಂಧಿಸಿ ಮಿಶ್ರತಳಿಗಳನ್ನು ಹುಟ್ಟಿಸುತ್ತವೆ.

ತಲೆಯ ಮೇಲೆ ಜಾಲರಿಯಂತಹ ಕಿರೀಟವಿರುವ, ಎರಡು ಕಿಲೋಗ್ರಾಂ ತೂಗಬಲ್ಲ ಕಿರೀಟ ಪಾರಿವಾಳವು ಇಲ್ಲಿನ ನದೀದಡಗಳಲ್ಲಿ ಕಾಣುತ್ತದೆ. ಜಗತ್ತಿನ ಪಾರಿವಾಳಗಳಲ್ಲಿ ಈ ಕುಲದವೇ ಅತಿ ದೊಡ್ಡವು. ಜೋಡಿಯಾಗಿ ರೆಕ್ಕೆಯ ಭಾರೀ ಸದ್ದಿನೊಂದಿಗೆ ನದಿ ದಾಟುವ ಬ್ಲೈತ್ ಮಂಗಟ್ಟೆಯು ನ್ಯೂಗಿನಿಯ ಏಕೈಕ ಮಂಗಟ್ಟೆ. ದಾಂಡೇಲಿಯ ಕಾಡುಗಳ ಮಂಗಟ್ಟೆಗಳು ಸೇರಿರುವ ಕುಟುಂಬಕ್ಕೆ ಇದೂ ಸೇರಿದೆ.

ತಬುಬಿಲ್: ಕಿಯುಂಗಾದಿಂದ ಉತ್ತರಕ್ಕೆ ರಸ್ತೆಯಲ್ಲಿ ಸಾಗಿದರೆ ಬೆಟ್ಟದ ಬುಡದಲ್ಲಿರುವ ಗಣಿಪಟ್ಟಣ ತಬುಬಿಲ್ ದೊರೆಯುತ್ತದೆ. ಇಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಗುಂಬೆಯಂತೆ ಇದೂ ಅತಿವೃಷ್ಟಿಗೆ ಹೆಸರಾದ ಸ್ಥಳ. ರಭಸದ ತೊರೆಗಳಲ್ಲಿ ಬದುಕುವ ಸಾಲ್ವಡೋರಿ ಬಾತುಕೋಳಿ ಮತ್ತು ಬೆಟ್ಟದ ಬುಡಕ್ಕೆ ಸೀಮಿತವಾದ ಹಲವು ಹಕ್ಕಿಗಳಿಗಾಗಿ ವೀಕ್ಷಕರು ಇಲ್ಲಿಗೆ ಬರುತ್ತಾರೆ.

ಮೌಂಟ್ ಹೇಗನ್: ತಗ್ಗುನೆಲದ ನಂತರ ಪ್ರವಾಸವು ಪಶ್ಚಿಮ ಹೈಲ್ಯಾಂಡ್ಸ್ ಪ್ರಾಂತದ ಮೌಂಟ್ ಹೇಗನ್ ನಗರಕ್ಕೆ ಸಾಗುತ್ತದೆ. ಹೊರಜಗತ್ತಿಗೆ 1930ರ ದಶಕದವರೆಗೆ ಇಲ್ಲಿನ ಕಣಿವೆಗಳ ಪರಿಚಯವಿರಲಿಲ್ಲ. ಒಳನಾಡು ನಿರ್ಜನವೆಂದೇ ಹಲವರು ಭಾವಿಸಿದ್ದರು. ವಾಸ್ತವದಲ್ಲಿ ಹೇಗನ್ ಸಮೀಪದ ಕುಕ್ ಎಂಬಲ್ಲಿ ಸುಮಾರು 7,000 ವರ್ಷಗಳ ಹಿಂದಿನ ವ್ಯವಸಾಯದ ಕುರುಹುಗಳು ದೊರೆತಿದ್ದು, ಯುನೆಸ್ಕೊ 2008ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ನಗರದಿಂದ ಪಶ್ಚಿಮಕ್ಕೆ, ಎಂಗಾ ಪ್ರಾಂತದಲ್ಲಿ ಸುಮಾರು 2,800 ಮೀಟರ್ ಎತ್ತರದಲ್ಲಿರುವ ಕುಮುಲ್ ವಸತಿಗೃಹದ ಹಣ್ಣಿನ ಹಲಗೆಗೆ ರಿಬ್ಬನ್ ಬಾಲದ ಅಸ್ಟ್ರಾಪಿಯಾ ಮತ್ತು ಕಂದು ಸಿಕಲ್‌ಬಿಲ್ ಬರುತ್ತವೆ. ಕುಮುಲ್ ಎಂಬುದು ದೇಶದ ಸಂಪರ್ಕಭಾಷೆಯಾದ ಟೋಕ್ ಪಿಸಿನ್‌ನಲ್ಲಿ ಸ್ವರ್ಗದ ಪಕ್ಷಿಗೆ ಇರುವ ಹೆಸರು. ವಿಜ್ಞಾನಲೋಕಕ್ಕೆ 1939ರಲ್ಲಷ್ಟೇ ಪರಿಚಿತವಾದ ರಿಬ್ಬನ್ ಬಾಲದ ಅಸ್ಟ್ರಾಪಿಯಾದ ಗಂಡಿನ ಬಿಳಿಬಾಲವು ಒಂದು ಮೀಟರ್ ಉದ್ದವಿರಬಲ್ಲದು. ಕಂದು ಸಿಕಲ್‌ಬಿಲ್‌ನ ಕೂಗು ಮಷಿನ್ ಗನ್ನಿನ ಸದ್ದನ್ನು ಹೋಲುತ್ತದೆ.

ತಾರಿ: ಹೆಲಾ ಪ್ರಾಂತದ ತಾರಿ ಕಣಿವೆಯು ಹುಲಿ ಜನರ ನಾಡು. ಕಣಿವೆಯಿಂದ ಸುಮಾರು 2,800 ಮೀಟರ್ ಎತ್ತರದ ತಾರಿ ಗ್ಯಾಪ್ ಎಂಬ ಕಣಿವೆಹಾದಿಯವರೆಗೆ ರಸ್ತೆ ಏರುವುದರಿಂದ, ಕಡಿಮೆ ದೂರದಲ್ಲಿ ಹಲವು ಎತ್ತರಗಳ ಹಕ್ಕಿಗಳನ್ನು ನೋಡಬಹುದು. ಸ್ಯಾಕ್ಸನಿ ರಾಜನ ಸ್ವರ್ಗದ ಪಕ್ಷಿಯ ಗಂಡಿನ ತಲೆಯಿಂದ ಎರಡು ಗರಿಗಳು ಹೊರಟು, ದೇಹದ ಎರಡರಷ್ಟು ಉದ್ದಕ್ಕೆ ಚಾಚಿರುತ್ತವೆ. ಅವುಗಳ ಮೇಲೆ ನೀಲಿ ಗಾಜಿನ ತುಣುಕುಗಳಂತಹ ಬಿಲ್ಲೆಗಳ ಸಾಲಿರುತ್ತದೆ. 1894ರಲ್ಲಿ ವಿವರಿಸಲಾದ ಈ ಹಕ್ಕಿಯ ಚರ್ಮವನ್ನು ಯೂರೋಪಿನಲ್ಲಿ ಮೊದಲು ನೋಡಿದವರು ಅದು ಯಾರೋ ಜೋಡಿಸಿದ ನಕಲಿ ವಸ್ತುವೆಂದು ಶಂಕಿಸಿದರೆಂದು ಹೇಳಲಾಗುತ್ತದೆ. ಹುಲಿ ಪುರುಷರು ತಮ್ಮದೇ ಕೂದಲನ್ನು ಬೆಳೆಸಿ ರಚಿಸಿಕೊಳ್ಳುವ ವಿಗ್ಗುಗಳನ್ನು ಸ್ವರ್ಗದ ಪಕ್ಷಿಗಳ ಗರಿಗಳಿಂದ ಸಿಂಗರಿಸುತ್ತಾರೆ. ಆರ್ಚ್‌ಬೋಲ್ಡ್ ಬೋವರ್ ಹಕ್ಕಿಯ ಗಂಡು ಕೂಡ ಕಾಡಿನಲ್ಲಿ ಬಿದ್ದ ಸ್ಯಾಕ್ಸನಿ ಪಕ್ಷಿಯ ಗರಿಗಳನ್ನು ಆಯ್ದುತಂದು ತನ್ನ ಚಪ್ಪರವನ್ನು ಅಲಂಕರಿಸುತ್ತದೆ.

ಸ್ಥಳೀಯ ಪಕ್ಷಿಜ್ಞಾನ

ಪಪುವಾ ನ್ಯೂಗಿನಿಯಲ್ಲಿ 800ಕ್ಕೂ ಹೆಚ್ಚು ಭಾಷೆಗಳಿದ್ದು, ಒಂದೊಂದರಲ್ಲಿಯೂ ತನ್ನದೇ ಪಕ್ಷಿನಾಮಗಳ ಭಂಡಾರವಿದೆ. ದ್ವೀಪದ ಪಶ್ಚಿಮದ ಅರ್ಫಾಕ್ ಪರ್ವತಗಳಲ್ಲಿ ತಾನು ಗುರುತಿಸಿದ 137 ಪ್ರಭೇದಗಳಿಗೆ ಸ್ಥಳೀಯರಲ್ಲಿ 136 ಹೆಸರುಗಳಿದ್ದವೆಂದು ಅರ್ನ್ಸ್ಟ್ ಮಾಯರ್ ದಾಖಲಿಸಿದನು. ಮದಾಂಗ್ ಪ್ರಾಂತದ ಕಲಾಂ ಸಮುದಾಯದ ಇಯಾನ್ ಸಯೆಮ್ ಮಜ್ನೆಪ್, ಮಾನವಶಾಸ್ತ್ರಜ್ಞ ರಾಲ್ಫ್ ಬುಲ್ಮರ್ ಅವರೊಂದಿಗೆ ಬರೆದ ಬರ್ಡ್ಸ್ ಆಫ್ ಮೈ ಕಲಾಂ ಕಂಟ್ರಿ ಗ್ರಂಥವು 1977ರಲ್ಲಿ ಪ್ರಕಟವಾಯಿತು. ಊರಿನ ಬೇಟೆಗಾರನೊಬ್ಬನ ತಿಳಿವಳಿಕೆಯು ಅವನದೇ ಹೆಸರಿನಲ್ಲಿ ಗ್ರಂಥರೂಪ ಪಡೆದ ಆರಂಭದ ಉದಾಹರಣೆಗಳಲ್ಲಿ ಇದೂ ಒಂದು.

ಸ್ಥಳೀಯ ವರ್ಗೀಕರಣವು ಎಲ್ಲ ಕಡೆ ವಿಜ್ಞಾನದ ವರ್ಗೀಕರಣವನ್ನು ಹೋಲುವುದಿಲ್ಲ. ಕಲಾಂ ಜನರು ಹಾರಲಾರದ ಕ್ಯಾಸೊವರಿಯನ್ನು ಹಕ್ಕಿಗಳ ಗುಂಪಿಗೆ ಸೇರಿಸದೆ ಪ್ರತ್ಯೇಕವಾಗಿ ಎಣಿಸುತ್ತಾರೆ. ಇದಕ್ಕೆ ಅದರ ಶರೀರರಚನೆಯಷ್ಟೇ ಅಲ್ಲದೆ, ಆ ಪ್ರಾಣಿಗೂ ಮನುಷ್ಯರಿಗೂ ನಡುವೆ ಅವರು ಕಲ್ಪಿಸಿಕೊಂಡ ಬಂಧುತ್ವವೂ ಕಾರಣವೆಂದು ಬುಲ್ಮರ್ 1967ರ ಲೇಖನವೊಂದರಲ್ಲಿ ವಿವರಿಸಿದರು. ಪ್ರವಾಸಿಗೆ ಈ ಜ್ಞಾನವು ಮಾರ್ಗದರ್ಶಕರ ಮೂಲಕ ಒದಗುತ್ತದೆ. ಯಾವ ಮರ ಈ ವಾರ ಹಣ್ಣುಬಿಟ್ಟಿದೆ, ಯಾವ ಕೊಂಬೆಯಲ್ಲಿ ಗಂಡುಗಳು ಸೇರುತ್ತವೆ ಎಂಬ ವಿವರಗಳು ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ. ಕೆಲವು ಟೋಕ್ ಪಿಸಿನ್ ಹೆಸರುಗಳನ್ನು ಕಲಿತಿರುವುದು ಉಪಯುಕ್ತ: ಮುರುಕ್ ಎಂದರೆ ಕ್ಯಾಸೊವರಿ, ಕೊಕೊಮೊ ಎಂದರೆ ಮಂಗಟ್ಟೆ, ಗುರಿಯಾ ಎಂದರೆ ಕಿರೀಟ ಪಾರಿವಾಳ.

ಭೂಒಡೆತನ ಮತ್ತು ವೀಕ್ಷಣಾ ಶುಲ್ಕ

ಕಾಡು, ತೊರೆ, ಪ್ರದರ್ಶನದ ಮರ ಇವೆಲ್ಲವೂ ಒಂದಲ್ಲ ಒಂದು ಕುಲದ ಸ್ವತ್ತಾಗಿರುವುದರಿಂದ, ಅಲ್ಲಿ ಕಾಲಿಡುವ ಮುನ್ನ ಒಡೆಯರ ಒಪ್ಪಿಗೆ ಪಡೆಯುವುದು ರೂಢಿ. ಬಹಳ ಕಡೆ ಇದಕ್ಕೆ ನಗದು ಶುಲ್ಕವಿರುತ್ತದೆ. ಕೆಲವು ಪ್ರವಾಸಿಗಳು ಇದನ್ನು ಅನಗತ್ಯ ವಸೂಲಿಯೆಂದು ಭಾವಿಸುವುದುಂಟು. ಆದರೆ ಒಡೆಯರ ದೃಷ್ಟಿಯಲ್ಲಿ ಇದು ಬೇರೊಂದು ಲಾಭವನ್ನು ಬಿಟ್ಟುಕೊಟ್ಟದ್ದಕ್ಕೆ ದೊರೆಯುವ ಪ್ರತಿಫಲ. ಅದೇ ಮರವನ್ನು ಮರದ ವ್ಯಾಪಾರಿಗೆ ಮಾರಬಹುದು, ಅದೇ ಜಾಗವನ್ನು ಕಡಿದು ಗೆಣಸಿನ ತೋಟ ಮಾಡಬಹುದು, ಅದೇ ಹಕ್ಕಿಯನ್ನು ಗರಿಗಾಗಿ ಬೇಟೆಯಾಡಬಹುದು. ಲೆಕ್ ಇರುವ ಮರವನ್ನು ಗಂಡು ಹಕ್ಕಿಗಳು ವರ್ಷಗಟ್ಟಲೆ ಬಳಸುತ್ತವೆ. ಮರ ನಿಂತಿರುವವರೆಗೆ ವೀಕ್ಷಕರೂ ಬರುತ್ತಾರೆ, ಶುಲ್ಕವೂ ಬರುತ್ತದೆ.

ಈ ವ್ಯವಸ್ಥೆಗೆ ಮಿತಿಗಳಿವೆ. ಪ್ರವಾಸಿಗಳು ಹೋಗುವ ನೆಲೆಗಳು ಕೆಲವೇ. ಉಳಿದ ವಿಶಾಲ ಕಾಡಿಗೆ ಈ ಆದಾಯ ತಲುಪುವುದಿಲ್ಲ. ಒಂದು ಮರದ ಮೇಲೆ ಹಲವು ಕುಟುಂಬಗಳ ಹಕ್ಕಿದ್ದರೆ ಹಣದ ಹಂಚಿಕೆಯಲ್ಲಿ ಜಗಳವೇಳಬಹುದು. ಕುಲಗಳ ನಡುವಿನ ಕಾಳಗ ಅಥವಾ ಅಶಾಂತಿಯ ಕಾರಣ ಪ್ರವಾಸಿಗಳು ಬಾರದೆ ಹೋದರೆ ಆದಾಯ ಒಮ್ಮೆಲೇ ನಿಲ್ಲುತ್ತದೆ.

ವೀಕ್ಷಣೆಯ ಕ್ರಮ ಮತ್ತು ಸಿದ್ಧತೆ

ಗಂಡು ಹಕ್ಕಿಗಳ ಪ್ರದರ್ಶನವು ಸಾಮಾನ್ಯವಾಗಿ ಬೆಳಕು ಹರಿಯುವ ಹೊತ್ತಿಗೆ ಅತಿ ಹುರುಪಿನಿಂದ ನಡೆಯುತ್ತದೆ. ಆದ್ದರಿಂದ ಕತ್ತಲಿರುವಾಗಲೇ ಸ್ಥಳ ಸೇರಿ ಮೌನವಾಗಿ ಕಾಯಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಲವು ಪ್ರದೇಶಗಳಲ್ಲಿ ಮಳೆ ತುಸು ಕಡಿಮೆಯಾಗಿರುವುದರಿಂದ ಹೆಚ್ಚಿನ ಪ್ರವಾಸಗಳು ಆ ತಿಂಗಳುಗಳಲ್ಲಿ ನಡೆಯುತ್ತವೆ. ಆಗಸ್ಟ್‌ನ ಮೌಂಟ್ ಹೇಗನ್ ಉತ್ಸವ ಮತ್ತು ಸೆಪ್ಟೆಂಬರ್‌ನ ಗೊರೋಕಾ ಉತ್ಸವಗಳಲ್ಲಿ ಗರಿಗಳನ್ನು ಧರಿಸಿ ನರ್ತಿಸುವ ಸಮುದಾಯಗಳನ್ನೂ ಕಾಣಬಹುದು.

ತಗ್ಗುನೆಲದಲ್ಲಿ ಮಲೇರಿಯಾ ವ್ಯಾಪಕವಾಗಿದೆ. ಹೊರಡುವ ಮುನ್ನ ವೈದ್ಯರ ಸಲಹೆ ಪಡೆದು ತಡೆಗಟ್ಟುವ ಔಷಧಿ ಸೇವಿಸುವುದು ಅವಶ್ಯ. ಎತ್ತರದ ವಸತಿಗಳಲ್ಲಿ ರಾತ್ರಿ ಚಳಿ ತೀವ್ರವಾಗಿರುವುದರಿಂದ ಒಂದೇ ಪ್ರವಾಸಕ್ಕೆ ಎರಡು ಬಗೆಯ ಉಡುಪು ಬೇಕಾಗುತ್ತದೆ. ಮಳೆಯಿಂದ ದುರ್ಬೀನನ್ನು ರಕ್ಷಿಸುವ ಹೊದಿಕೆ, ಜಿಗಣೆಗಳಿಂದ ರಕ್ಷಣೆಗೆ ಉದ್ದನೆಯ ಕಾಲುಚೀಲ ಇರಬೇಕು. ಹವಾಮಾನದಿಂದ ವಿಮಾನಗಳು ತಡವಾಗುವುದು ಸಾಮಾನ್ಯವಾದುದರಿಂದ ಹೆಚ್ಚುವರಿ ದಿನಗಳನ್ನು ಇಟ್ಟುಕೊಳ್ಳುವುದು ಒಳಿತು. ಧ್ವನಿಮುದ್ರಿತ ಕೂಗನ್ನು ಪದೇಪದೇ ನುಡಿಸಿ ಹಕ್ಕಿಯನ್ನು ಕರೆಯುವುದು ಅದರ ಪ್ರದರ್ಶನಕ್ಕೆ ಅಡ್ಡಿಯಾಗುತ್ತದೆ. ಗರಿ ಅಥವಾ ಗರಿಯಿಂದ ಮಾಡಿದ ವಸ್ತುಗಳನ್ನು ಸ್ಮರಣಿಕೆಯಾಗಿ ಕೊಂಡು ತರಬಾರದು.

ಅಪಾಯಗಳು ಮತ್ತು ಸಂರಕ್ಷಣೆ

ಪಪುವಾ ನ್ಯೂಗಿನಿಯ 1966ರ ವನ್ಯಪ್ರಾಣಿ ಕಾಯಿದೆಯಡಿ ಸ್ವರ್ಗದ ಪಕ್ಷಿಗಳು ಸಂರಕ್ಷಿತವಾಗಿವೆ. ದೇಶದ ಜನರು ಸಾಂಪ್ರದಾಯಿಕ ಬಳಕೆಗಾಗಿ ಬೇಟೆಯಾಡಲು ಅವಕಾಶವಿದೆ; ವಾಣಿಜ್ಯ ವ್ಯಾಪಾರಕ್ಕೆ ಇಲ್ಲ. ಇಡೀ ಕುಟುಂಬವು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ.

ಇಂದಿನ ಮುಖ್ಯ ಅಪಾಯವು ಕಾಡಿನ ನಾಶದಿಂದ ಬರುತ್ತಿದೆ. 2003ರಿಂದ 2011ರ ಅವಧಿಯಲ್ಲಿ ಕೃಷಿ ಮತ್ತು ವ್ಯವಹಾರದ ವಿಶೇಷ ಗುತ್ತಿಗೆಗಳ ಹೆಸರಿನಲ್ಲಿ 50 ಲಕ್ಷ ಹೆಕ್ಟೇರಿಗೂ ಹೆಚ್ಚು ಕುಲಭೂಮಿ ಹೊರಗಿನವರ ಕೈಸೇರಿತು. ಇದನ್ನು ಪರಿಶೀಲಿಸಲು ಸರ್ಕಾರವೇ 2011ರಲ್ಲಿ ವಿಚಾರಣಾ ಆಯೋಗವನ್ನು ನೇಮಿಸಬೇಕಾಯಿತು. ತಬುಬಿಲ್ ಸಮೀಪದ ಓಕ್ ಟೆಡಿ ತಾಮ್ರ ಮತ್ತು ಚಿನ್ನದ ಗಣಿಯ ತ್ಯಾಜ್ಯವು 1980ರ ದಶಕದಿಂದ ಓಕ್ ಟೆಡಿ ನದಿಗೆ ಹರಿದು, ಅದರ ಮೂಲಕ ಕಿಯುಂಗಾಕ್ಕಿಂತ ಕೆಳಗಿನ ಫ್ಲೈ ನದಿಯನ್ನು ಸೇರಿ ದಡದ ಕಾಡುಗಳಿಗೆ ಹಾನಿಯುಂಟುಮಾಡಿದೆ. ನೀಲಿ ಸ್ವರ್ಗದ ಪಕ್ಷಿಯ ಸ್ಥಿತಿ ಇನ್ನೊಂದು ಬಗೆಯದು. ಅದು ವಾಸಿಸುವ, ಸರಿಸುಮಾರು 1,400ರಿಂದ 1,800 ಮೀಟರ್ ಎತ್ತರದ ಪಟ್ಟಿಯೇ ಮನುಷ್ಯರ ವಾಸಕ್ಕೂ ಗೆಣಸಿನ ಬೆಳೆಗೂ ಹದವಾದುದು. ಹೀಗಾಗಿ ಅದರ ಕಾಡು ತೋಟಗಳ ನಡುವೆ ತುಂಡುತುಂಡಾಗಿ ಉಳಿದಿದೆ.

ಹವಾಮಾನ ಬದಲಾವಣೆಯು ಎತ್ತರದ ವಲಯಗಳನ್ನೇ ಸರಿಸುತ್ತಿದೆ. ಜೇರೆಡ್ ಡೈಮಂಡ್ 1960ರ ದಶಕದಲ್ಲಿ ಕರಿಮುಯಿ ಪರ್ವತ ಮತ್ತು ಕರ್ಕರ್ ದ್ವೀಪದಲ್ಲಿ ನಡೆಸಿದ ಸಮೀಕ್ಷೆಗಳನ್ನು ಬೆಂಜಮಿನ್ ಫ್ರೀಮನ್ ಮತ್ತು ಅಲೆಕ್ಸಾಂಡ್ರಾ ಕ್ಲಾಸ್ ಫ್ರೀಮನ್ ಮತ್ತೆ ಕೈಗೊಂಡು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಕ್ಷಿಗಳ ವಾಸದ ಮೇಲಿನ ಎಲ್ಲೆಯು ಸರಾಸರಿ 100 ಮೀಟರಿಗೂ ಹೆಚ್ಚು ಮೇಲಕ್ಕೆ ಸರಿದಿತ್ತು. ಶಿಖರದ ಸಮೀಪ ಬದುಕುವ ಪ್ರಭೇದಗಳಿಗೆ ಇನ್ನೂ ಮೇಲೇರಲು ಜಾಗವಿಲ್ಲ.

ಹುವಾನ್ ಪರ್ಯಾಯದ್ವೀಪದ ಯುಸ್ ಪ್ರದೇಶದಲ್ಲಿ ಹಲವು ಹಳ್ಳಿಗಳ ಕುಲಗಳು ತಮ್ಮ ಭೂಮಿಯ ಭಾಗಗಳನ್ನು ಬೇಟೆ ಮತ್ತು ಮರ ಕಡಿಯುವಿಕೆಯಿಂದ ಮುಕ್ತಗೊಳಿಸಲು ಒಪ್ಪಿದವು. ಸಮುದ್ರತೀರದಿಂದ ಪರ್ವತದ ನೆತ್ತಿಯವರೆಗೆ ಹಬ್ಬಿರುವ ಈ ಪ್ರದೇಶವು 2009ರಲ್ಲಿ ದೇಶದ ಮೊದಲ ಸಂರಕ್ಷಣಾ ಕ್ಷೇತ್ರವಾಗಿ ಅಧಿಸೂಚಿತವಾಯಿತು. ಅಲ್ಲಿ ಭೂಮಿಯ ಒಡೆತನವು ಇಂದಿಗೂ ಕುಲಗಳಲ್ಲಿಯೇ ಉಳಿದಿದೆ.